ಜೋಗುಳಕ್ಕೆ ನಾಲ್ಕು ಮಾಡ್ಯೂಲು

"ಗುರುಗಳೇ, ಮೊದಲ ಪೆಟ್ಟಿಗೆಗೆ ಯಾವ ಯಾವ ಮಾಡ್ಯೂಲುಗಳನ್ನು ಆರಿಸಿಕೊಳ್ಳಲಿ?" ಎಂದು ಕೊಟ್ರೇಶ ಕೇಳಿದ.

ಕೇಳಿದ್ದು ಪಂಪಾಪತಿ ಗುರುಗಳನ್ನು. ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಿದ್ಯೆಯನ್ನು ಅವರು ಹೇಳಿಕೊಡುತ್ತಿದ್ದರು. ಕೊಟ್ರೇಶ ಅವರಲ್ಲಿ ಕಲಿಯುತ್ತಿದ್ದ. ಮಾಡ್ಯುಲರ್ ಸಿಂಥಸೈಜರ್ ಎಂಬ ವಾದ್ಯವನ್ನು ವೀಣೆಯ ಹಾಗೆ, ಹಾರ್ಮೋನಿಯಮ್ಮಿನ ಹಾಗೆ ಇಡಿಯಾಗಿ ಮನೆಗೆ ತರುವುದಿಲ್ಲ. ಖಾಲಿ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅದರೊಳಗೆ ಬೇಕಾದ ತುಂಡುಗಳನ್ನು ಒಂದೊಂದಾಗಿ ಕೂರಿಸಿ, ತುಂಡಿನಿಂದ ತುಂಡಿಗೆ ವೈರು ಸಿಕ್ಕಿಸಿ ನುಡಿಸಬೇಕು. ಆ ತುಂಡುಗಳಿಗೇ ಮಾಡ್ಯೂಲು ಎಂದು ಹೆಸರು. ಒಂದು ನಾದ ಹುಟ್ಟಿಸುತ್ತದೆ. ಇನ್ನೊಂದು ಅದನ್ನು ಏರಿಸಿ ಇಳಿಸುತ್ತದೆ. ಮತ್ತೊಂದು ಅದರ ಬಣ್ಣ ಬದಲಿಸುತ್ತದೆ. ಬಗೆಗಳಿಗೆ ಲೆಕ್ಕವಿಲ್ಲ. ಕೊಟ್ರೇಶನ ಪೆಟ್ಟಿಗೆ ಸಿದ್ಧವಾಗಿ ತಿಂಗಳುಗಳೇ ಕಳೆದಿದ್ದವು. ಅದರೊಳಗೆ ಇನ್ನೂ ಏನೂ ಇರಲಿಲ್ಲ. ಇಂದು ಒಂದನ್ನು ಆರಿಸುತ್ತಿದ್ದ, ನಾಳೆ ಅದು ಬೇಡವೆನ್ನುತ್ತಿದ್ದ.

"ಇರುವ ಜಾಗ ಕಡಿಮೆ. ತಪ್ಪು ಮಾಡ್ಯೂಲು ತಂದರೆ ಆಮೇಲೆ ಕೈಕೈ ಹಿಸುಕಿಕೊಳ್ಳಬೇಕು. ನೀವು ಹೇಳಿದ್ದನ್ನೇ ತರುತ್ತೇನೆ," ಎಂದ.

ಗುರುಗಳು ಯಾವ ಹೆಸರನ್ನೂ ಹೇಳಲಿಲ್ಲ. "ಕೂತುಕೋ," ಎಂದರು. ಕೊಟ್ರೇಶ ಕೂತ. ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಮಾಡ್ಯೂಲುಗಳನ್ನು ಮಾರುವುದೇ ಅವನ ಕಸುಬು. ಅವನ ಕಿವಿ ಬಹಳ ಚುರುಕು. ಎರಡು ನಾದಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತಿದ್ದ. ಅಂಗಡಿಗೆ ಬಂದವರು ನಾಲ್ಕು ಮಾತಾಡಿದರೆ ಸಾಕು, ಇವರಿಗೆ ಇಂಥ ನಾದ ಹಿಡಿಸುತ್ತದೆ ಎಂದು ತಿಳಿದುಕೊಳ್ಳುತ್ತಿದ್ದ. ಅದು ಸುಳ್ಳಾಗುತ್ತಿದ್ದದ್ದು ಅಪರೂಪ. ಬಂದವರು ಒಂದು ಕೇಳಿದರೆ ನಾಲ್ಕು ತೋರಿಸುತ್ತಿದ್ದ. ಅದರಲ್ಲಿ ಮೋಸವಿರಲಿಲ್ಲ. ಪೆಟ್ಟಿಗೆ ತುಂಬಿದ್ದರೆ ವಾದ್ಯಕ್ಕೆ ಶೋಭೆ ಎಂದು ಅವನು ನಿಜವಾಗಿ ನಂಬಿದ್ದ. ಅವನ ಅಂಗಡಿಯಿಂದ ಖಾಲಿ ಜಾಗವಿರುವ ಪೆಟ್ಟಿಗೆ ಹೊರಗೆ ಹೋಗುತ್ತಿರಲಿಲ್ಲ.

ಅಂಗಡಿಯ ಮುಂಭಾಗಕ್ಕೆ ಗಾಜಿತ್ತು. ಗಾಜಿನ ಹಿಂದೆ ಒಂದು ದೊಡ್ಡ ಪೆಟ್ಟಿಗೆಯನ್ನು ಅವನು ಸದಾ ನುಡಿಯುವಂತೆ ಇಟ್ಟಿದ್ದ. ಅದರ ಸಣ್ಣ ದೀಪಗಳು ಹತ್ತುತ್ತಿದ್ದವು, ಆರುತ್ತಿದ್ದವು. ಪಕ್ಕದಲ್ಲಿ ಸೀರೆ ಅಂಗಡಿ. ಆ ಅಂಗಡಿಗೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವ ಒಬ್ಬ ಹೆಣ್ಣುಮಗಳು ಆಗಾಗ ಬರುತ್ತಿದ್ದಳು. ಸೀರೆಯ ಗಂಟನ್ನು ಕೊಟ್ಟು ಹೋಗುವಾಗ ಈ ಗಾಜಿನ ಮುಂದೆ ನಿಲ್ಲುತ್ತಿದ್ದಳು. ಒಳಗಿನಿಂದ ನೋಡುತ್ತಿದ್ದ ವ್ಯಾಪಾರಿ, ದೀಪ ಚೆಂದ ಕಾಣುತ್ತಿರಬೇಕು, ನಿಂತಿದ್ದಾಳೆ ಎಂದುಕೊಳ್ಳುತ್ತಿದ್ದ.

ಒಂದು ದಿನ ಅವಳು ವಯಸ್ಸಾದ ಹೆಂಗಸೊಬ್ಬರನ್ನು ಕರೆದುಕೊಂಡು ಒಳಗೆ ಬಂದಳು. ಆಕೆ ಅವಳ ಅತ್ತೆ. ವ್ಯಾಪಾರಿ ಎದ್ದು ನಿಂತು, "ಬನ್ನಿ ತಾಯಿ, ಏನು ಬೇಕಿತ್ತು?" ಎಂದು ಸೊಸೆಯನ್ನು ಕೇಳಿದ. ಅವಳು ಅತ್ತೆಯ ಕಡೆ ನೋಡಿದಳು.

"ಇವಳಿಗೆ ಕಿವಿ ಕೇಳಿಸೋದಿಲ್ಲಪ್ಪ, ಹುಟ್ಟಿದಾಗಿನಿಂದಲೂ," ಎಂದರು ಅತ್ತೆ. "ನಾವು ಕೈಸನ್ನೆಯಲ್ಲಿ ಮಾತಾಡುತ್ತೇವೆ. ನೀನು ಹೇಳಿದ್ದನ್ನು ನಾನು ಅವಳಿಗೆ ಹೇಳುತ್ತೇನೆ. ಅವಳಿಗೆ ಅಗೋ, ಅಂಥದ್ದೊಂದು ವಾದ್ಯ ಬೇಕಂತೆ."

ವ್ಯಾಪಾರಿ ಮೆಲ್ಲಗೆ, "ಅಮ್ಮಾ, ಇದು ಕಿವಿಯಿಂದಲೇ ಆರಿಸಬೇಕಾದ ವಸ್ತು. ಸುಮ್ಮನೆ ದುಡ್ಡು ಕಳೆದುಕೊಳ್ಳಬೇಡಿ," ಎಂದ.

ಅತ್ತೆ ಅದನ್ನು ಸನ್ನೆಯಲ್ಲಿ ಹೇಳಿದರು. ಸೊಸೆ ಕೋಪಿಸಿಕೊಳ್ಳಲಿಲ್ಲ. ಗಾಜಿನ ಹಿಂದಿದ್ದ ಪೆಟ್ಟಿಗೆಯ ಹತ್ತಿರ ಹೋದಳು. ಒಂದು ದೀಪದ ಮೇಲೆ ಬೆರಳಿಟ್ಟಳು. ಅಲ್ಲಿಂದ ಹೊರಟ ವೈರನ್ನು ಬೆರಳಿನಿಂದಲೇ ಹಿಂಬಾಲಿಸಿದಳು. ವೈರು ಸೇರಿದ ಮಾಡ್ಯೂಲಿನ ದೀಪವನ್ನು ಮುಟ್ಟಿದಳು. ಅಲ್ಲಿಂದ ಮುಂದಿನ ವೈರು, ಮುಂದಿನ ದೀಪ. ಹೀಗೆ ಕೊನೆಯ ಸ್ಪೀಕರಿನ ತನಕ ಬಂದು, ಅದರ ಮರದ ಗೂಡಿನ ಮೇಲೆ ಅಂಗೈ ಊರಿ ನಿಂತಳು. ಆಮೇಲೆ ಅತ್ತೆಯ ಕಡೆ ತಿರುಗಿ ಕೈಯಾಡಿಸಿದಳು.

"ನಮ್ಮ ಮನೆಯಲ್ಲಿ ನನ್ನ ಹಾರ್ಮೋನಿಯಂ ಇದೆ," ಎಂದು ಅತ್ತೆ ವಿವರಿಸಿದರು. "ಅದನ್ನು ಮುಟ್ಟಿದರೆ ಎಲ್ಲ ಕಡೆಯೂ ಒಂದೇ ಥರ ಅದುರುತ್ತದಂತೆ. ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯೋದಿಲ್ಲವಂತೆ. ಇದರಲ್ಲಿ ಸ್ವರ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹೋಯಿತು, ಎಲ್ಲ ಕಣ್ಣಿಗೆ ಕಾಣುತ್ತದೆ ಅನ್ನುತ್ತಾಳೆ."

ವ್ಯಾಪಾರಿ ವರ್ಷಗಳಿಂದ ಈ ವಾದ್ಯವನ್ನು ಮಾರುತ್ತಿದ್ದ. ಇದನ್ನು ಯಾಕೆ ಕೊಳ್ಳಬೇಕು ಎಂಬುದಕ್ಕೆ ಅವನ ಬಾಯಲ್ಲಿ ಹತ್ತಾರು ಕಾರಣಗಳಿದ್ದವು. ಈ ಕಾರಣವನ್ನು ಅವನು ಯಾರಿಂದಲೂ ಕೇಳಿರಲಿಲ್ಲ.

"ಯಾತಕ್ಕೆ ಬೇಕಂತೆ?" ಎಂದ.

"ಜೋಗುಳಕ್ಕೆ," ಎಂದರು ಅತ್ತೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿದರು. ಸೊಸೆಗೆ ಕೇಳಿಸದು ಎಂದು ಗೊತ್ತಿದ್ದೂ ತಗ್ಗಿಸಿದರು. "ಮನೆಯಲ್ಲಿ ಎಳೆಗೂಸಿದೆ. ಹೆಣ್ಣು. ಅದಕ್ಕೆ ಕಿವಿ ಚೆನ್ನಾಗಿ ಕೇಳಿಸುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ನಾನು ಹಾಡಿದರೆ ಮಲಗುತ್ತದೆ. ಇವಳು ಪಕ್ಕದಲ್ಲಿ ಕೂತು ನನ್ನ ಬಾಯಿ ನೋಡುತ್ತಾಳೆ, ಮಗುವಿನ ಕಣ್ಣು ನೋಡುತ್ತಾಳೆ. ಒಂದು ಸಲ ಇವಳೂ ಹಾಡಿದಳಪ್ಪ, ತನಗೆ ಬಂದ ಹಾಗೆ. ಮಗು ನಗುತ್ತಿತ್ತು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಅವರೂ ನಕ್ಕರು. ಇವಳ ಕಣ್ಣಿಗೆ ಬಿದ್ದದ್ದು ಅವರ ನಗು. ಅವತ್ತಿನಿಂದ ಬಾಯಿ ಬಿಟ್ಟಿಲ್ಲ."

ವ್ಯಾಪಾರಿ ದೊಡ್ಡ ಸ್ಪೀಕರ್ ಒಂದನ್ನು ನೆಲದ ಮೇಲಿಟ್ಟ. ಅದರ ಮುಂದೆ ಚಾಪೆ ಹಾಸಿ, "ಕೂತುಕೊಳ್ಳಲಿ," ಎಂದ. ಅವಳು ಕೂತು ಸ್ಪೀಕರಿನ ಗೂಡಿನ ಮೇಲೆ ಅಂಗೈ ಇಟ್ಟಳು.

ನಾದ ಹುಟ್ಟಿಸುವ ಮಾಡ್ಯೂಲಿಗೆ ಆಸಿಲೇಟರ್ ಎನ್ನುತ್ತಾರೆ. ಮೊದಲು ಅದನ್ನು ಆರಿಸಬೇಕಿತ್ತು. ವ್ಯಾಪಾರಿ ತನಗೆ ಬಹಳ ಇಷ್ಟವಾದ ಆಸಿಲೇಟರನ್ನು ಜೋಡಿಸಿದ. ಅದರ ನಾದ ತೆಳ್ಳಗೆ, ಎತ್ತರದಲ್ಲಿ, ಬೆಳ್ಳಿಯ ಹಾಗೆ ಇತ್ತು. ಕೇಳಿದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವಳು ಬೇಡವೆಂದು ತಲೆಯಾಡಿಸಿದಳು. ಕೈಗೆ ಏನೂ ಬರಲಿಲ್ಲ. ಇನ್ನೊಂದು ಇಟ್ಟ. ಅದೂ ಬೇಡವಾಯಿತು. ಮತ್ತೊಂದು ಇಟ್ಟಾಗ ಅವಳು ಹುಬ್ಬು ಗಂಟಿಕ್ಕಿ ಕೈ ತೆಗೆದಳು. ಅದು ಜೇನುಹುಳ ಮುತ್ತಿದ ಹಾಗೆ ಎಂದು ಸನ್ನೆ ಮಾಡಿದಳು. ವ್ಯಾಪಾರಿ ಕಿವಿಗೊಟ್ಟು ಕೇಳಿದ. ಹೌದು, ಅದು ಹಾಗೆಯೇ ಇತ್ತು.

ಕೊನೆಗೆ ಒಂದು ಸಾದಾ ಆಸಿಲೇಟರ್ ಇಟ್ಟ. ಅದನ್ನು ಕೊಳ್ಳುವವರು ಕಡಿಮೆ. ತಿರುಗಿಸಲು ಒಂದೇ ಗುಂಡಿ, ನಾದವೂ ಒಂದೇ ಬಗೆಯದು. ಆದರೆ ಬಹಳ ತಗ್ಗಿಗೆ ಇಳಿಯುತ್ತಿತ್ತು. ಗುಂಡಿಯನ್ನು ಅವಳೇ ತಿರುಗಿಸಿದಳು. ಒಂದು ಕಡೆ ನಿಲ್ಲಿಸಿದಳು. ಹಿಂದೆ ತಂದಳು, ಮುಂದೆ ತಂದಳು, ಮತ್ತೆ ಅಲ್ಲಿಗೇ ಬಂದಳು. ಆಮೇಲೆ ಅತ್ತೆಯನ್ನು ಕರೆದು, ಅವರ ಬೆನ್ನಿನ ಮೇಲೆ ಒಂದು ಕೈ, ಸ್ಪೀಕರಿನ ಮೇಲೆ ಒಂದು ಕೈ ಇಟ್ಟು, ಹಾಡಿ ಎಂದು ಸನ್ನೆ ಮಾಡಿದಳು. ಅತ್ತೆ ನಾಚಿಕೊಳ್ಳುತ್ತ ಒಂದು ಸಾಲು ಗುನುಗಿದರು. ಅವಳು ಎರಡೂ ಕೈಗಳ ಕಡೆ ಗಮನವಿಟ್ಟು ಗುಂಡಿಯನ್ನು ಇನ್ನೂ ಒಂದಿಷ್ಟು ಸರಿಸಿದಳು. ವ್ಯಾಪಾರಿ ಬೆರಗಾದ. ಅತ್ತೆಯ ಕಂಠ ಎಲ್ಲಿತ್ತೋ ಅದೇ ಸ್ವರದಲ್ಲಿ, ಬಹಳ ಕೆಳಗಿನ ಸ್ಥಾಯಿಯಲ್ಲಿ, ಆಸಿಲೇಟರ್ ನುಡಿಯುತ್ತಿತ್ತು.

ಎರಡನೆಯದು ತೂಗುವುದಕ್ಕೆ. ನಿಧಾನವಾಗಿ ಏರಿ ಇಳಿಯುವ ಒಂದು ಮಾಡ್ಯೂಲಿದೆ. ಅದು ತಾನಾಗಿ ನಾದ ಮಾಡುವುದಿಲ್ಲ, ಬೇರೆಯದನ್ನು ನಡೆಸುತ್ತದೆ. ಅದರ ದೀಪ ಹತ್ತಿ ಆರುವುದನ್ನು ನೋಡಿ ಅವಳ ಮುಖ ಅರಳಿತು. ಬಲಗೈಯನ್ನು ಗಾಳಿಯಲ್ಲಿ ಚಾಚಿ, ಇಲ್ಲದ ತೊಟ್ಟಿಲನ್ನು ತೂಗತೊಡಗಿದಳು. ಎಡಗೈಯಿಂದ ಗುಂಡಿ ತಿರುಗಿಸಿದಳು. ದೀಪ ಮೊದಲು ಅವಸರ ಮಾಡಿತು, ಆಮೇಲೆ ಹಿಂದೆ ಬಿತ್ತು, ಕಡೆಗೆ ಅವಳ ತೋಳಿನ ಜೊತೆಗೇ ಹೋಗಿ ಬರತೊಡಗಿತು. ಆ ಗುಂಡಿಯನ್ನು ಎಷ್ಟೋ ಜನ ತಿರುಗಿಸಿದ್ದನ್ನು ವ್ಯಾಪಾರಿ ನೋಡಿದ್ದ. ತೋಳಿನಿಂದ ಅಳೆದು ತಿರುಗಿಸಿದವರನ್ನು ನೋಡಿರಲಿಲ್ಲ.

ಮೂರನೆಯದನ್ನು ಅವನೇ ಕೊಟ್ಟ. ನಾದದ ದಾರಿಯಲ್ಲಿ ಬಾಗಿಲಿನ ಹಾಗೆ ನಿಂತು, ಅದನ್ನು ಹೊರಗೆ ಬಿಡುವ, ತಡೆಯುವ ಮಾಡ್ಯೂಲು ಅದು. ಮೂರನ್ನೂ ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜಾಗ ಉಳಿಯಿತು. ವ್ಯಾಪಾರಿಗೆ ಮನಸ್ಸು ತಡೆಯಲಿಲ್ಲ. ನಾದದ ಬಣ್ಣ ಬದಲಿಸುವುದು, ನಾದಕ್ಕೆ ಗವಿಯೊಳಗಿನ ಮೊಳಗು ಕೊಡುವುದು, ಎಲ್ಲವನ್ನೂ ತಂದು ಮುಂದಿಟ್ಟ. ಹಣ ನಿಧಾನವಾಗಿ ಕೊಟ್ಟರಾಯಿತು ಎಂದ. ಅವಳು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಜೋಪಾನವಾಗಿ ಅವನ ಕಡೆಗೇ ಸರಿಸಿದಳು.

"ಈ ಮೂರರ ಜೊತೆ ಮೊದಲು ಗುರುತಾಗಲಿ ಅನ್ನುತ್ತಾಳೆ," ಎಂದರು ಅತ್ತೆ.

ಪೆಟ್ಟಿಗೆಯ ಜೊತೆಗೆ ಒಂದು ಸ್ಪೀಕರ್ ಮಾತ್ರ ತೆಗೆದುಕೊಂಡಳು. ಮೂರೇ ಮಾಡ್ಯೂಲಿನ ಪೆಟ್ಟಿಗೆ ಆ ಅಂಗಡಿಯಿಂದ ಹೊರಗೆ ಹೋದದ್ದು ಅದೇ ಮೊದಲು.

ಅವಳು ಬೇಗನೆ ಮರಳಿ ಬಂದಳು. ಮುಖ ಬಾಡಿತ್ತು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಜೊತೆಯಲ್ಲಿ ಅತ್ತೆಯಿದ್ದರು. ಪ್ರತಿ ಸಲ ದೀಪ ಹತ್ತಿದಾಗಲೂ ಮಗು ಬೆಚ್ಚಿ ಬೀಳುತ್ತದೆ, ಇದರಲ್ಲಿ ನನಗೆ ಗೊತ್ತಾಗದ್ದು ಏನೋ ಇದೆ ಎಂದು ಅವಳು ಸನ್ನೆಯಲ್ಲಿ ಹೇಳಿದಳು.

"ನನಗೆ ಆ ಗುಂಯ್ ಅನ್ನುವುದೊಂದೇ ಕೇಳಿಸೋದು," ಎಂದು ಅತ್ತೆ ಸೇರಿಸಿದರು. "ವಯಸ್ಸಾಯಿತಲ್ಲ."

ವ್ಯಾಪಾರಿ ವೈರುಗಳನ್ನು ನೋಡಿದ. ನಿಧಾನದ ಮಾಡ್ಯೂಲಿಗೆ ಎರಡು ತೂತುಗಳಿದ್ದವು. ಒಂದರಲ್ಲಿ ಏರಿಳಿತ ಮೆಲ್ಲಗೆ ಬರುತ್ತದೆ. ಇನ್ನೊಂದರಲ್ಲಿ ಥಟ್ಟನೆ ಹತ್ತುತ್ತದೆ, ಥಟ್ಟನೆ ಆರುತ್ತದೆ. ಅವಳು ವೈರನ್ನು ಎರಡನೆಯದಕ್ಕೆ ಸಿಕ್ಕಿಸಿದ್ದಳು. ಕೈಗೆ ಅದು ಸೊಗಸು. ನಾದ ಬಂತು, ನಾದ ಹೋಯಿತು, ಎರಡೂ ಸ್ಪಷ್ಟ. ಆದರೆ ಬಾಗಿಲು ಹಾಗೆ ಥಟ್ಟನೆ ತೆರೆದಾಗಲೆಲ್ಲ ಸ್ಪೀಕರಿನಲ್ಲಿ ಚಟ್ ಎಂಬ ಸಣ್ಣ ಸದ್ದು ಹುಟ್ಟುತ್ತಿತ್ತು. ವ್ಯಾಪಾರಿಯ ಕಿವಿಗೆ ಅದು ಸೂಜಿಯ ಹಾಗೆ ನಾಟಿತು. ಎಳೆಗೂಸಿಗೂ ಹಾಗೆಯೇ ನಾಟಿರಬೇಕು.

ಅದನ್ನು ಅವಳಿಗೆ ಹೇಗೆ ತಿಳಿಸುವುದು? ಅತ್ತೆಗೆ ಆ ಸದ್ದು ಕೇಳಿಸಿರಲಿಲ್ಲ, ಸನ್ನೆಯಲ್ಲಿ ಹೇಳಲು ಅವರಿಗೂ ಬರಲಿಲ್ಲ. ವ್ಯಾಪಾರಿ ಯೋಚಿಸಿದ. ಅವಳಿಗೆ ಅಂಗೈ ಚಾಚಲು ಹೇಳಿ, ತನ್ನ ಅಂಗೈಯಿಂದ ಅದನ್ನು ಗರಿಯಾಡಿಸಿದ ಹಾಗೆ ಮೆಲ್ಲಗೆ ಸವರಿದ. ಆಮೇಲೆ ಉಗುರಿನಿಂದ ಒಮ್ಮೆ ಚಟ್ಟನೆ ಹೊಡೆದ. ಮತ್ತೆ ಸವರಿದ, ಮತ್ತೆ ಹೊಡೆದ. ಅವಳ ಕಣ್ಣು ದೊಡ್ಡದಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡಳು. ಇಷ್ಟು ದಿನ ಮಗುವಿಗೆ ತಾನು ಮಾಡಿದ್ದು ಇದನ್ನು ಎಂದು ಅವಳಿಗೆ ಅರ್ಥವಾಗಿತ್ತು.

ಆಗ ವ್ಯಾಪಾರಿ ಬಾಗಿಲನ್ನು ನಯವಾಗಿ ತೆರೆಯುವ ಇನ್ನೊಂದು ಮಾಡ್ಯೂಲನ್ನು ಮಾರಬಹುದಿತ್ತು. ಅದು ಅವನ ಬಳಿ ಇತ್ತು. ಅವನು ಅದನ್ನು ತೆಗೆಯಲಿಲ್ಲ. ವೈರನ್ನು ಎರಡನೆಯ ತೂತಿನಿಂದ ಕಿತ್ತು ಮೊದಲನೆಯದಕ್ಕೆ ಸಿಕ್ಕಿಸಿದ, ಅಷ್ಟೆ. ನಾದ ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು. ಚಟ್ ಎನ್ನುವುದು ನಿಂತಿತು.

ಅವಳು ಗೂಡಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು. ನಾದ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಈಗ ಕೈಗೆ ತಿಳಿಯುತ್ತಿರಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟಳು. ಕೆನ್ನೆಯನ್ನು ತಂದು ಒತ್ತಿದಳು. ಆಮೇಲೆ ಎದ್ದು ಅತ್ತೆಗೆ ಏನೋ ಹೇಳಿದಳು.

"ಅವಳಿಗೆ ಮುಂಚೆ ಇದ್ದದ್ದೇ ಇಷ್ಟವಂತೆ," ಎಂದರು ಅತ್ತೆ. "ಮಗುವಿಗೆ ಯಾವುದು ಒಳ್ಳೆಯದು ಅಂತ ನಿನ್ನನ್ನು ಕೇಳುತ್ತಾಳೆ."

ವ್ಯಾಪಾರಿ ವೈರು ಈಗ ಸಿಕ್ಕಿಸಿದ್ದ ತೂತನ್ನು ತೋರಿಸಿದ. ಅವಳು ಅದನ್ನು ಒಮ್ಮೆ ಮುಟ್ಟಿ ನೋಡಿ, ಪೆಟ್ಟಿಗೆ ಮುಚ್ಚಿ, ಎತ್ತಿಕೊಂಡು ಹೊರಟಳು. ಅಂಗಡಿಯ ಮೆಟ್ಟಿಲು ಇಳಿಯುವ ತನಕ ಅವನು ಅವಳನ್ನೇ ನೋಡುತ್ತಿದ್ದ. ತನಗೆ ಬೇಕಾದ ನಾದವನ್ನು ಬಿಡಲಾರದೆ ಜಗಳವಾಡಿದ ಎಷ್ಟೋ ಸಂಗೀತಗಾರರು ಅವನ ನೆನಪಿಗೆ ಬಂದರು. ಇವಳ ಕೈಗೆ ಸಿಕ್ಕಿದ್ದು ಒಂದೇ ಸುಖ. ಅದನ್ನು ಇವಳು ಮರುಮಾತಿಲ್ಲದೆ ಬಿಟ್ಟಿದ್ದಳು.

ಕೆಲವು ವಾರಗಳಾದ ಮೇಲೆ ಅತ್ತೆ ಒಬ್ಬರೇ ಬಂದರು. ಕೊಳ್ಳುವುದಕ್ಕಲ್ಲ, ಹೇಳುವುದಕ್ಕೆ. ಸೊಸೆ ಈಗ ಒಂದು ಕೈ ಸ್ಪೀಕರಿನ ಮೇಲೆ, ಒಂದು ಕೈ ತೊಟ್ಟಿಲ ಮೇಲೆ ಇಟ್ಟು ಕೂರುತ್ತಾಳೆ. ಗುಂಡಿಯನ್ನು ಎಷ್ಟು ತಿರುಗಿಸಬೇಕೆಂದು ಮಗುವಿನ ರೆಪ್ಪೆ ನೋಡಿ ತಿಳಿದುಕೊಳ್ಳುತ್ತಾಳೆ. ರೆಪ್ಪೆ ಭಾರವಾದ ಹಾಗೆ ನಾದವನ್ನು ತಗ್ಗಿಸುತ್ತಾ ಹೋಗುತ್ತಾಳೆ. ಮಗು ನಿದ್ದೆ ಹೋಗುತ್ತದೆ.

"ಸುಳ್ಳು ಯಾಕೆ ಹೇಳಲಿ," ಎಂದರು ಅತ್ತೆ. "ನನ್ನ ಹಾಡಿಲ್ಲದೆ ಅದು ಮಲಗಿದ್ದು ನೋಡಿ ಮೊದಲು, ಇನ್ನು ನಾನು ಬೇಡವಾದೆನೇನೋ ಅನ್ನಿಸಿತು. ಎದ್ದು ಅಡುಗೆಮನೆಗೆ ಹೋದೆ. ಆಮೇಲೆ ಅಲ್ಲಿಂದಲೇ ಬಗ್ಗಿ ಸೊಸೆಯ ಮುಖ ನೋಡಿದೆನಪ್ಪ. ಬೆಳಗು ಹರಿದ ಹಾಗೆ ಹೊಳೆಯುತ್ತಿತ್ತು."

ವ್ಯಾಪಾರಿಗೆ ಬಹಳ ಸಂತೋಷವಾಯಿತು. ಇಲ್ಲಿಗೆ ಅವಳ ವಾದ್ಯ ಪೂರ್ಣವಾಯಿತು ಎಂದುಕೊಂಡ.

ಮಗು ಬೆಳೆಯಿತು. ಕವುಚಿಕೊಂಡಿತು, ತೆವಳಿತು, ಕೂರಲು ಕಲಿಯಿತು. ಆಗ ಅವಳು ಮತ್ತೆ ಬಂದಳು. ಈ ಸಲ ಪೆಟ್ಟಿಗೆ, ಸ್ಪೀಕರ್ ಅವಳ ಕೈಯಲ್ಲಿದ್ದವು, ಮಗು ಅತ್ತೆಯ ಸೊಂಟದ ಮೇಲಿತ್ತು. ವ್ಯಾಪಾರಿ ನಗುತ್ತ, ನಾದಕ್ಕೆ ಬಣ್ಣ ಕೊಡುವ ಮಾಡ್ಯೂಲುಗಳಿದ್ದ ಪೆಟ್ಟಿಗೆಯನ್ನು ಎಳೆದುಕೊಂಡ. ಅವಳು ಬೇಡವೆಂದು ಕೈ ಬೀಸಿದಳು. ತನ್ನ ವಾದ್ಯದ ಸ್ಪೀಕರ್ ತೋರಿಸಿ, ಅಲ್ಲಿಂದ ಹೊರಗೆ ಬೆರಳು ಓಡಿಸಿ, ಹೀಗಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಮಗುವಿನ ಬಾಯಿಯಿಂದ ಹೊರಟು ಪೆಟ್ಟಿಗೆಯ ಒಳಕ್ಕೆ ಬೆರಳು ಓಡಿಸಿ, ಅವನ ಮುಖ ನೋಡಿದಳು.

"ಮಗು ಈಗ ಏನೇನೋ ಮಾತಾಡುತ್ತದೆ," ಎಂದರು ಅತ್ತೆ. "ಇವಳ ಬೆನ್ನಿನ ಹಿಂದೆ ಕೂತು ಕೂಗುತ್ತದೆ. ಇವಳು ಕುಚ್ಚು ಕಟ್ಟುತ್ತಾ ಇರುತ್ತಾಳೆ, ತಿರುಗೋದಿಲ್ಲ. ಮಗು ನನ್ನ ಕಡೆ ನೋಡುತ್ತದೆ. ಮೊನ್ನೆ ಅದನ್ನು ಇವಳು ಕಂಡುಬಿಟ್ಟಳು. ಹೊರಗಿನ ಸ್ವರ ಒಳಗೆ ಹೋಗುವ ಮಾಡ್ಯೂಲು ಇದೆಯಾ ಅಂತ ಕೇಳುತ್ತಿದ್ದಾಳೆ."

ಇತ್ತು. ವ್ಯಾಪಾರಿ ಅಂಗಡಿ ತೆರೆದ ಹೊಸತರಲ್ಲಿ ತರಿಸಿದ್ದ. ಮೈಕಿನಿಂದ ಬಂದ ಸ್ವರದ ಏರಿಳಿತವನ್ನು ಅಳೆದು, ಅಷ್ಟಕ್ಕೆ ತಕ್ಕ ಹಾಗೆ ಬೇರೆ ಮಾಡ್ಯೂಲನ್ನು ತೆರೆಯುವಂಥದ್ದು. ಯಾರೂ ಅದನ್ನು ಕೇಳಿರಲಿಲ್ಲ. ಬಂದವರಿಗೆಲ್ಲ ನಾದ ಮಾಡುವ ಮಾಡ್ಯೂಲು ಬೇಕಿತ್ತು. ಅವನು ಏಣಿ ಹಾಕಿ ಹತ್ತಿ, ಅಟ್ಟದ ಮೇಲಿನ ಡಬ್ಬಗಳನ್ನು ಸರಿಸಿ, ಅದನ್ನು ಹುಡುಕಿ ತೆಗೆದು ಧೂಳು ಒರೆಸಿದ.

ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿತ್ತು. ಕೂರಿಸಿ, ಮೈಕು ಸಿಕ್ಕಿಸಿ, ಅದರ ವೈರನ್ನು ಬಾಗಿಲ ಮಾಡ್ಯೂಲಿಗೆ ಕೊಟ್ಟ. ಮೈಕಿಗೆ ಸ್ವರ ಬಿದ್ದರೆ ಬಾಗಿಲು ತೆರೆದು ಸ್ಪೀಕರ್ ಗುಂಯ್‌ಗುಡಬೇಕು, ಸ್ವರ ನಿಂತರೆ ನಿಲ್ಲಬೇಕು. ಪರೀಕ್ಷಿಸಲು ಒಮ್ಮೆ ಕೆಮ್ಮಿದ. ಸ್ಪೀಕರ್ ಗುಂಯ್ ಎಂದಿತು. ನಿಲ್ಲಲೇ ಇಲ್ಲ. ಮೈಕು ಸ್ಪೀಕರಿನ ಪಕ್ಕದಲ್ಲೇ ಇತ್ತು. ಅದಕ್ಕೆ ತನ್ನ ನಾದವೇ ಕೇಳಿಸುತ್ತಿತ್ತು, ಕೇಳಿಸಿದ್ದರಿಂದ ಮತ್ತೆ ನುಡಿಯುತ್ತಿತ್ತು. ವ್ಯಾಪಾರಿ ಉದ್ದದ ವೈರು ಹಾಕಿ ಮೈಕನ್ನು ದೂರ ಒಯ್ದ. ಮಗುವಿನ ಹತ್ತಿರ ತಂದಿಟ್ಟ. ಆಗ ಸ್ಪೀಕರ್ ಸುಮ್ಮನಾಯಿತು.

ಅವಳು ಮಗುವಿಗೆ ಬೆನ್ನು ಮಾಡಿ ಕೂತಳು. ಗೂಡಿನ ಮೇಲೆ ಅಂಗೈ ಇಟ್ಟಳು.

ಮಗು ಬಾಯಿ ಬಿಡಲಿಲ್ಲ. ಹೊಸ ಜಾಗ, ಹೊಸ ಮನುಷ್ಯ. ಮೈಕನ್ನು ಹಿಡಿದು ಬಾಯಿಗೆ ಹಾಕಿಕೊಳ್ಳಲು ನೋಡಿತು. ಅತ್ತೆ ಮುದ್ದಿಸಿದರು, ಗದ್ದ ಹಿಡಿದು ಅಲ್ಲಾಡಿಸಿದರು. "ದಿನವೆಲ್ಲ ಊರು ಒಂದು ಮಾಡುತ್ತೀಯಲ್ಲೇ, ಈಗೇನಾಯಿತು?" ಎಂದು ಗದರಿದರು. ಗದರಿದ್ದು ಮೈಕಿಗೆ ಬಿತ್ತು. ಅವಳು ಥಟ್ಟನೆ ತಿರುಗಿ ನೋಡಿದಳು, ಮಗುವೋ ಎಂದು. ಅತ್ತೆ ತಮ್ಮನ್ನೇ ತೋರಿಸಿಕೊಂಡರು. ಎಲ್ಲರೂ ನಕ್ಕರು. ಆ ನಗು ನೋಡಿ ಮಗುವೂ ಕೈಕಾಲು ಬಡಿದು ಕೂಗಿತು.

ಅವಳ ಬೆನ್ನು ನೆಟ್ಟಗಾಯಿತು. ಈ ಸಲ ಅವಳು ತಿರುಗಿ ನೋಡಲಿಲ್ಲ. ಹಾಗೆಯೇ ಕಾದಳು. ಮಗು ಮತ್ತೆ ಕೂಗಿತು, ಉದ್ದವಾಗಿ. ದೀಪ ಮೆಲ್ಲಗೆ ಬೆಳಗಿ ಮೆಲ್ಲಗೆ ಆರಿತು. ಅವಳು ತಿರುಗಿದಳು. ತಾಯಿ ತಿರುಗಿದ್ದನ್ನು ಮಗು ಕಂಡಿತು. ತಾನು ಕೂಗಿದ್ದಕ್ಕೇ ಅಮ್ಮ ತಿರುಗಿದಳು ಎಂದು ಅದಕ್ಕೆ ತಿಳಿಯಿತೋ ಏನೋ, ಮೂರನೆಯ ಸಲ ಕೂಗಿದಾಗ ಅದು ಅಜ್ಜಿಯ ಕಡೆ ನೋಡಲಿಲ್ಲ.

ಆಮೇಲೆ ನಡೆದದ್ದನ್ನು ವ್ಯಾಪಾರಿ ನಿರೀಕ್ಷಿಸಿರಲಿಲ್ಲ. ಅವಳು ಮೈಕಿನ ಹತ್ತಿರ ಬಗ್ಗಿದಳು. ಕೈ ಚಾಚಿ ಗೂಡಿನ ಮೇಲೆ ಇಟ್ಟುಕೊಂಡಳು. ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಬಾಯಿ ತೆರೆದಳು.

ಅದು ಹಾಡಲ್ಲ, ಮಾತೂ ಅಲ್ಲ. ಒರಟಾದ, ಏರುಪೇರಾದ ಒಂದು ಸ್ವರ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೀಪ ಬೆಳಗಿತು. ಗೂಡು ಅವಳ ಅಂಗೈಯೊಳಗೆ ಅದುರಿತು. ಮಗುವಿನ ಸ್ವರಕ್ಕೆ ಹೇಗೆ ಅದುರಿತ್ತೋ ಹಾಗೆಯೇ ಅದುರಿತು. ಅವಳು ದೀಪವನ್ನು ನೋಡಿದಳು, ಅಂಗೈಯನ್ನು ನೋಡಿದಳು. ತನ್ನ ಸ್ವರ ತನಗೆ ಸಿಕ್ಕಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಸ್ವರ ನಿಲ್ಲಿಸಿದಳು. ದೀಪ ಆರಿತು.

ಆಮೇಲೆ, ಅವಳು ಬಾಯಿ ಮುಚ್ಚಿಕೊಂಡಿರುವಾಗಲೇ, ದೀಪ ಮತ್ತೆ ಬೆಳಗಿತು.

ಮಗು ಉತ್ತರ ಕೊಟ್ಟಿತ್ತು.

ಅವಳು ಮತ್ತೆ ಸ್ವರ ಮಾಡಿದಳು, ನಿಲ್ಲಿಸಿದಳು, ಕಾದಳು. ದೀಪ ಬೆಳಗಿತು. ಈಗ ಅವಳು ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಅದರ ಪುಟ್ಟ ಕೈಯನ್ನೂ ಗೂಡಿನ ಮೇಲೆ ಇಟ್ಟಳು. ಇಬ್ಬರೂ ಸರದಿಯಲ್ಲಿ ಕೂಗಾಡಿದರು. ಸೀರೆ ಅಂಗಡಿಯವರು ಬಂದು ಇಣುಕಿದರು. ಅವಳು ಅವರನ್ನು ನೋಡಿದಳು. ನಿಲ್ಲಿಸಲಿಲ್ಲ.

ವ್ಯಾಪಾರಿ ಹತ್ತಿರ ಬಂದು ಮಂಡಿಯೂರಿ, ತಾನೂ ಗೂಡಿನ ಮೇಲೆ ಅಂಗೈ ಇಟ್ಟ. ಸ್ವಲ್ಪ ಹೊತ್ತು ಏನೂ ತಿಳಿಯಲಿಲ್ಲ. ಆಮೇಲೆ ಅಮ್ಮನದು ಯಾವುದು, ಮಗುವಿನದು ಯಾವುದು ಎಂದು ಅವನ ಕೈಗೂ ಗೊತ್ತಾಗತೊಡಗಿತು.

ಆ ವ್ಯಾಪಾರಿ ಆಮೇಲೂ ಬಹಳ ಕಾಲ ಅಂಗಡಿ ನಡೆಸಿದ. ಗೋಡೆ ತುಂಬುವಷ್ಟು ದೊಡ್ಡ ವಾದ್ಯಗಳನ್ನು ಕಟ್ಟಿಕೊಟ್ಟ. ಹೆಸರಾದ ವಾದಕರು ಬಂದು ಅವನನ್ನು ಹೊಗಳಿದರು. ನಿನ್ನ ಕೈಯಿಂದ ಹೋದ ವಾದ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ, ನಾಲ್ಕು ಮಾಡ್ಯೂಲಿನದು ಎನ್ನುತ್ತಿದ್ದ. ಕೇಳಿದವರು ತಮಾಷೆ ಎಂದುಕೊಳ್ಳುತ್ತಿದ್ದರು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ಮಗಳು ದೊಡ್ಡವಳಾಗಿ, ಮಾತು ಕಲಿತು, ತಾಯಿಯ ಕೈಸನ್ನೆಯನ್ನೂ ಕಲಿತಳು. ಆಗ ಆ ಪೆಟ್ಟಿಗೆಯ ಅಗತ್ಯ ಅವರಿಗೆ ಅಷ್ಟಾಗಿ ಉಳಿಯಲಿಲ್ಲ. ಆದರೂ ಅವಳು ಅದನ್ನು ಮಾರಲಿಲ್ಲ, ಅದಕ್ಕೆ ಬೇರೇನನ್ನೂ ಸೇರಿಸಲೂ ಇಲ್ಲ.

ಗುರುಗಳು ಇಷ್ಟು ಹೇಳಿ ಕಥೆ ಮುಗಿಸಿದರು.

ಕೊಟ್ರೇಶನ ಮುಖದಲ್ಲಿ ಕಳೆ ಬಂದಿತ್ತು. ತಿಂಗಳುಗಳ ಗೊಂದಲ ಬಗೆಹರಿಯಿತು ಎಂಬ ಹಾಗೆ ಮುಂದಕ್ಕೆ ಬಗ್ಗಿದ. "ತಿಳಿಯಿತು ಗುರುಗಳೇ. ಹಾಗಾದರೆ ನಾನೂ ಆ ನಾಲ್ಕನ್ನೇ ತರಲೇ? ಮೊದಲು ಆ ಕೇಳಿಸಿಕೊಳ್ಳುವ ಮಾಡ್ಯೂಲನ್ನೇ ತಂದುಬಿಡಲೇ?" ಎಂದ.

ಪಂಪಾಪತಿ ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

"ಆಕೆ ಅಂಗಡಿಗೆ ಬಂದಾಗ ಮನೆಯಲ್ಲಿ ಒಂದು ಮಗುವಿತ್ತು, ಕೊಟ್ರೇಶ, ನಿನ್ನ ಪೆಟ್ಟಿಗೆಗೆ ಕಾಯುತ್ತಿರುವವರು ಯಾರು?"